ತೋಟದ ಕೆರೆಯಿಂದ ಕಡಲ ತಳದವರೆಗೆ: ಸೋನಾರ್ ಮತ್ತು ಕೋರ್ ಮಾದರಿಗಳಿಂದ ಹೂಳನ್ನು ಓದುವ ಕ್ರಮ

ಈ ಲೇಖನವನ್ನು ಎರಡು ಬಗೆಯ ಓದುಗರಿಗಾಗಿ ಬರೆದಿದ್ದೇನೆ. ಕೆರೆಯ ಹೂಳೆತ್ತಿಸಲು ಜೆಸಿಬಿ ಕರೆಸುವ ಮೊದಲು ಅದರಲ್ಲಿ ನಿಜವಾಗಿ ಎಷ್ಟು ಹೂಳಿದೆಯೆಂದು ತಿಳಿಯಬಯಸುವ ಕೊಡಗಿನ ತೋಟದ ಮಾಲೀಕರು ಒಂದು ಕಡೆ. ಮುಂದೊಂದು ದಿನ ಮಂಗಳೂರಿನಿಂದಾಚೆ ಹಡಗಿನ ಮೇಲೆ ನಿಂತು ಅರಬ್ಬೀ ಸಮುದ್ರದ ಖಂಡಾವರಣ ಪ್ರದೇಶದ, ಅಂದರೆ ದಡಕ್ಕೆ ಹೊಂದಿಕೊಂಡು ನೀರಿನಡಿ ಚಾಚಿದ ಕಡಿಮೆ ಆಳದ ನೆಲದ, ತಳವನ್ನು ಅಭ್ಯಾಸ ಮಾಡಬೇಕೆಂದಿರುವ ಭೂವಿಜ್ಞಾನದ ವಿದ್ಯಾರ್ಥಿಗಳು ಇನ್ನೊಂದು ಕಡೆ. ಇಬ್ಬರ ಕೆಲಸದ ಅಳತೆ ಬೇರೆಯಾದರೂ ಕ್ರಮ ಒಂದೇ: ಮೇಲಿನಿಂದ ಶಬ್ದ ಕಳಿಸಿ ಅದರ ಪ್ರತಿಧ್ವನಿಯನ್ನು ಕೇಳುವುದು, ಆಮೇಲೆ ಕೊಳವೆ ಇಳಿಸಿ ಮಣ್ಣನ್ನೇ ಮೇಲಕ್ಕೆ ತರುವುದು. ಮೊದಲನೆಯದು ಸೋನಾರ್; ಕೊಳವೆಯಲ್ಲಿ ಬರುವ ಮಣ್ಣಿನ ಕಂಬವೇ ಕೋರ್. ಕೊಡಗಿನ ಮಟ್ಟಿಗೆ ಈ ಎರಡು ತಳಗಳ ನಡುವೆ ನೇರ ಸಂಬಂಧವೂ ಇದೆ. ಪುಷ್ಪಗಿರಿಯ ಕಡೆ ಹುಟ್ಟುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲಿಗಿಳಿಯುತ್ತದೆ. ದಕ್ಷಿಣ ಕೊಡಗಿನ ಬರಪೊಳೆಯ ನೀರು ಕೇರಳದ ವಳಪಟ್ಟಣಂ ಹೊಳೆಯ ಮೂಲಕ ಅದೇ ಕಡಲನ್ನು ಸೇರುತ್ತದೆ. ಕಾವೇರಿಯ ಕಡೆಗೆ ಹರಿಯುವ ಮಣ್ಣಾದರೋ ಮೊದಲು ತೋಟದ ಕೆರೆಗಳಲ್ಲಿ, ಆಮೇಲೆ ಹಾರಂಗಿಯಂಥ ಜಲಾಶಯಗಳಲ್ಲಿ ತಂಗುತ್ತದೆ.

ಸೋನಾರ್ ತಳವು ಎಲ್ಲಿದೆ ಎಂದು ಹೇಳುತ್ತದೆ, ಅದು ಯಾವುದರಿಂದ ಆಗಿದೆ ಎಂದು ಹೇಳುವುದಿಲ್ಲ. ಕೋರ್ ಯಾವುದರಿಂದ ಆಗಿದೆ ಎಂದು ಹೇಳುತ್ತದೆ, ಆದರೆ ಅಂಗೈಯಗಲದ ಒಂದೇ ಒಂದು ಜಾಗದ ಬಗ್ಗೆ ಮಾತ್ರ. ಆದ್ದರಿಂದ ಸೋನಾರ್ ಮೊದಲು, ಕೋರ್ ಆಮೇಲೆ. ನಾನು ಮೊದಲ ವರ್ಷ ಈ ಕ್ರಮವನ್ನು ತಲೆಕೆಳಗು ಮಾಡಿ, ತೆಪ್ಪ ಕಟ್ಟಲು ಅನುಕೂಲವೆಂದು ಏರಿಯ ಪಕ್ಕದಲ್ಲೇ ಮೂರು ಕೊಳವೆ ಇಳಿಸಿ, ಗೇಣುದ್ದದ ಹೂಳು ಮಾತ್ರ ಇದೆಯೆಂದು ಬರೆದುಕೊಂಡೆ. ಮರುವರ್ಷ ಎಕೋ ಸೌಂಡರ್ ಎಂಬ ಸೋನಾರ್ ಯಂತ್ರ ಹಾಯಿಸಿದಾಗ, ತೋಡು ಕೆರೆಗೆ ಬಂದು ಬೀಳುವ ಮೂಲೆಯಲ್ಲಿ ಆಳೆತ್ತರದ ಹೂಳು ದಿಬ್ಬವಾಗಿ ಕುಳಿತಿರುವುದು ಕಂಡಿತು.

ಮೊದಲು ಪ್ರಶ್ನೆ, ಮಟ್ಟ ಮತ್ತು ಕಾಲ

ಎಷ್ಟು ಹೂಳಿದೆ ಎಂಬುದು ಒಂದು ಪ್ರಶ್ನೆ. ಯಾವ ಕಾಲದಲ್ಲಿ, ಎಲ್ಲಿಂದ ಬಂದ ಹೂಳು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಸೋನಾರಿನ ಗೆರೆಗಳು ಹೆಚ್ಚು ಬೇಕು, ಕೋರ್‌ಗಳು ನಾಲ್ಕೈದಿದ್ದರೆ ಸಾಕು. ಎರಡನೆಯದಕ್ಕೆ ಕದಡದ, ಉದ್ದವಾದ ಒಂದೆರಡು ಕೋರ್‌ಗಳೇ ಮುಖ್ಯ. ನಿಮ್ಮ ಪ್ರಶ್ನೆ ಯಾವುದೆಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡರೆ ಮುಂದೆ ದಿನಗಟ್ಟಲೆ ಕೆಲಸ ಉಳಿಯುತ್ತದೆ.

ಕೊಡಗಿನಲ್ಲಿ ಇದಕ್ಕೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗಿನ ಕಾಲ ಒಳ್ಳೆಯದು. ಮಳೆಗಾಲದ ಕದಡು ತಿಳಿಯಾಗಿರುತ್ತದೆ, ಕೆರೆ ತುಂಬಿರುತ್ತದೆ, ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್‌ಗೆ ನೀರೆತ್ತುವ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಕುಯ್ಲಿನ ಕಾಲವಾದ್ದರಿಂದ ಆಳು ಸಿಗುವುದಿಲ್ಲ ಎಂಬುದೊಂದೇ ತೊಡಕು. ಬೆಳಗ್ಗೆ ಮಂಜು ಸರಿದ ಮೇಲೆ, ಗಾಳಿ ಏಳುವ ಮೊದಲು ನೀರು ಕನ್ನಡಿಯಂತಿರುವಾಗ ಸೋನಾರ್ ಕೆಲಸ ಮುಗಿಸಬೇಕು. ಸಂಜೆ ನಾಲ್ಕರ ನಂತರ ಕೆರೆಯ ಬಳಿ ಉಳಿಯಬೇಡಿ. ಆನೆಗಳು ನೀರಿಗಿಳಿಯುವ ತೋಟಗಳಲ್ಲಿ ಇದು ಸಲಹೆಯಲ್ಲ, ನಿಯಮ. ತೆಪ್ಪದ ಮೇಲಿರುವ ಪ್ರತಿಯೊಬ್ಬರೂ ಲೈಫ್ ಜಾಕೆಟ್ ತೊಟ್ಟಿರಬೇಕು, ಏಕೆಂದರೆ ಈಜು ಬಲ್ಲವರನ್ನೂ ಹೂಳು ಕಾಲು ಹಿಡಿದು ನಿಲ್ಲಿಸುತ್ತದೆ. ಹಾರಂಗಿಯಂಥ ಜಲಾಶಯದಲ್ಲಿ ಕೆಲಸ ಮಾಡುವುದಾದರೆ ಕಾವೇರಿ ನೀರಾವರಿ ನಿಗಮದ ಲಿಖಿತ ಅನುಮತಿ ಪಡೆದ ಮೇಲೆಯೇ ನೀರಿಗಿಳಿಯಬೇಕು.

ಆಳವನ್ನು ಅಳೆಯುವುದೆಂದರೆ ಯಾವುದೋ ಒಂದು ಸ್ಥಿರ ಮಟ್ಟದಿಂದ ಅಳೆಯುವುದು. ತೋಟದ ಕೆರೆಯಲ್ಲಿ ಕೋಡಿಯ ಕಲ್ಲಿನ ಮೇಲ್ಮೈಯೇ ಆ ಮಟ್ಟವಾಗಲಿ. ಆ ದಿನ ನೀರು ಕೋಡಿಯಿಂದ ಎಷ್ಟು ಸೆಂಟಿಮೀಟರ್ ಕೆಳಗಿದೆಯೆಂದು ಕೆಲಸದ ಆರಂಭದಲ್ಲೂ ಕೊನೆಯಲ್ಲೂ ಅಳೆದು ಬರೆಯಿರಿ. ಕಡಲಿನಲ್ಲಿ ಇದೇ ಕೆಲಸ ದೊಡ್ಡ ತಲೆನೋವು: ಉಬ್ಬರ ಇಳಿತದಿಂದ ನೀರಿನ ಮಟ್ಟ ಗಂಟೆಗಂಟೆಗೂ ಬದಲಾಗುವುದರಿಂದ ಪ್ರತಿ ಅಳತೆಯನ್ನೂ ಅದರ ಸಮಯದ ಪ್ರಕಾರ ತಿದ್ದಬೇಕಾಗುತ್ತದೆ.

ಎಕೋ ಸೌಂಡರನ್ನು ಅಣಿಗೊಳಿಸುವುದು

ತೋಟದ ಕೆರೆಗೆ ಮೀನುಗಾರರು ಬಳಸುವ, ಜಿಪಿಎಸ್ ಸಹಿತವಾದ ಎರಡು ಆವೃತ್ತಿಗಳ (ಫ್ರೀಕ್ವೆನ್ಸಿಗಳ) ಫಿಶ್ ಫೈಂಡರ್ ಸಾಕಾಗುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ 200 ಕಿಲೋಹರ್ಟ್ಸ್ ಮತ್ತು 50 ಕಿಲೋಹರ್ಟ್ಸ್ ಇರುತ್ತವೆ. ಸಿಹಿನೀರಿನಲ್ಲಿ 200 ಕಿಲೋಹರ್ಟ್ಸ್ ಶಬ್ದದ ತರಂಗಾಂತರ ಸುಮಾರು 7 ಮಿಲಿಮೀಟರ್, 50ರದ್ದು ಸುಮಾರು 3 ಸೆಂಟಿಮೀಟರ್. ಚಿಕ್ಕ ಅಲೆ ಮೆತ್ತನೆಯ ಹೂಳಿನ ಮೇಲ್ಮೈಯನ್ನು ಮುಟ್ಟಿದೊಡನೆಯೇ ಹಿಂದಿರುಗುತ್ತದೆ. ದೊಡ್ಡ ಅಲೆಯ ಒಂದು ಭಾಗ ಹೂಳಿನೊಳಗೆ ಹೊಕ್ಕು, ಕೆಳಗಿನ ಗಟ್ಟಿ ನೆಲವನ್ನು ಮುಟ್ಟಿ ಬರುತ್ತದೆ. ಈ ಎರಡು ಪ್ರತಿಧ್ವನಿಗಳ ನಡುವಿನ ಅಂತರವೇ ಹೂಳಿನ ದಪ್ಪದ ಮೊದಲ ಅಂದಾಜು. ಖಂಡಾವರಣ ಪ್ರದೇಶದಲ್ಲಿ ತಳದ ಕೆಳಗಿನ ಹಲವು ಮೀಟರ್‌ಗಳ ಪದರಗಳನ್ನು ನೋಡಬೇಕಾದ್ದರಿಂದ ಅಲ್ಲಿ 3.5 ಕಿಲೋಹರ್ಟ್ಸ್‌ನಂಥ ತಗ್ಗು ಆವೃತ್ತಿಯ ಸಬ್‌ಬಾಟಮ್ ಪ್ರೊಫೈಲರ್ ಬಳಸುತ್ತಾರೆ. ಅದರ ತರಂಗಾಂತರ 40 ಸೆಂಟಿಮೀಟರಿಗೂ ಹೆಚ್ಚು. ಅಂದರೆ ಶಬ್ದ ಆಳಕ್ಕೆ ಇಳಿದಷ್ಟೂ ಸೂಕ್ಷ್ಮ ವಿವರ ಕೈತಪ್ಪುತ್ತದೆ. ತಳದ ಮೇಲ್ಮೈಯ ಚಿತ್ರವಷ್ಟೇ ಬೇಕಾದಾಗ ನೂರಾರು ಕಿಲೋಹರ್ಟ್ಸ್‌ನ ಸೈಡ್‌ಸ್ಕ್ಯಾನ್ ಸೋನಾರನ್ನು ಹಡಗಿನ ಹಿಂದೆ ಎಳೆದುಕೊಂಡು ಹೋಗುತ್ತಾರೆ.

ಯಂತ್ರ ಅಳೆಯುವುದು ದೂರವನ್ನಲ್ಲ, ಶಬ್ದ ಹೋಗಿ ಬರುವ ಸಮಯವನ್ನು. ಆ ಸಮಯವನ್ನು ಶಬ್ದದ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಆಳ ಸಿಗುತ್ತದೆ. ಹೆಚ್ಚಿನ ಯಂತ್ರಗಳು ಕಡಲಿಗೆಂದು ತಯಾರಾದವಾದ್ದರಿಂದ ವೇಗವನ್ನು ಸೆಕೆಂಡಿಗೆ 1500 ಮೀಟರ್ ಎಂದೇ ಹಿಡಿದಿರುತ್ತವೆ. 22 ಡಿಗ್ರಿ ಸೆಲ್ಸಿಯಸ್‌ನ ಕೆರೆ ನೀರಿನಲ್ಲಿ ಅದು ಸುಮಾರು 1488 ಮೀಟರ್. 6 ಮೀಟರ್ ಆಳದಲ್ಲಿ ಇದರಿಂದ ಆಗುವ ತಪ್ಪು 5 ಸೆಂಟಿಮೀಟರ್ ಮಾತ್ರ, ಆದರೆ ನೀವು ಅಳೆಯುತ್ತಿರುವ ಹೂಳೇ ಗೇಣುದ್ದದ್ದಾಗಿದ್ದರೆ 5 ಸೆಂಟಿಮೀಟರ್ ಸಣ್ಣದಲ್ಲ. ಕಡಲಿನಲ್ಲಿ ಉಷ್ಣತೆ ಮತ್ತು ಲವಣಾಂಶ ಆಳದೊಂದಿಗೆ ಬದಲಾಗುವುದರಿಂದ ವೇಗವನ್ನು ಮೇಲಿನಿಂದ ಕೆಳಗಿನವರೆಗೆ ಬೇರೆ ಉಪಕರಣದಿಂದ ಅಳೆದು ಯಂತ್ರಕ್ಕೆ ಕೊಡಬೇಕು.

ಕೆರೆಯಲ್ಲಿ ಇದನ್ನು ಪರೀಕ್ಷಿಸಲು ಹಳೆಯ, ನಂಬಬಹುದಾದ ಉಪಾಯವಿದೆ. ಊಟದ ತಟ್ಟೆಯಗಲದ ಕಬ್ಬಿಣದ ತಗಡೊಂದನ್ನು, ಒಂದೊಂದು ಮೀಟರಿಗೂ ಗುರುತು ಹಾಕಿದ, ಒದ್ದೆಯಾದರೆ ಹಿಗ್ಗದ ಹಗ್ಗಕ್ಕೆ ಕಟ್ಟಿ, ಯಂತ್ರದ ಶಬ್ದ ಕಳಿಸಿ ಕೇಳುವ ಭಾಗವಾದ ಟ್ರಾನ್ಸ್‌ಡ್ಯೂಸರಿನ ನೇರ ಕೆಳಗೆ 2, 4, 6 ಮೀಟರಿಗೆ ಇಳಿಸಿ, ಯಂತ್ರ ಏನು ತೋರಿಸುತ್ತದೆಯೆಂದು ಬರೆದುಕೊಳ್ಳಿ. ಎಲ್ಲ ಆಳಗಳಲ್ಲೂ ಅಷ್ಟೇ ಸೆಂಟಿಮೀಟರಿನ ವ್ಯತ್ಯಾಸ ಬಂದರೆ ಟ್ರಾನ್ಸ್‌ಡ್ಯೂಸರ್ ನೀರಿನೊಳಗೆ ಎಷ್ಟು ಮುಳುಗಿದೆಯೆಂಬುದನ್ನು ಕೂಡಿಸಲು ಮರೆತಿದ್ದೀರಿ. ಆಳ ಹೆಚ್ಚಿದಂತೆ ವ್ಯತ್ಯಾಸವೂ ಹೆಚ್ಚುತ್ತಿದ್ದರೆ ವೇಗದ ಲೆಕ್ಕ ತಪ್ಪಿದೆ.

ಗೆರೆ ಎಳೆಯುವುದು, ಪ್ರತಿಧ್ವನಿ ಓದುವುದು

ತೋಡು ಸೇರುವ ಕಡೆಯಿಂದ ಏರಿಯವರೆಗೆ ಒಂದು ಉದ್ದದ ಗೆರೆ, ಅದಕ್ಕೆ ಅಡ್ಡಲಾಗಿ ಐದೈದು ಅಥವಾ ಹತ್ತು ಮೀಟರಿಗೊಂದು ಗೆರೆ ಎಂಬಂತೆ ತೆಪ್ಪವನ್ನು ನಿಧಾನವಾಗಿ ಹುಟ್ಟು ಹಾಕಿ ಸಾಗಿಸಿ. ಎರಡು ದಡಗಳ ನಡುವೆ ಹಗ್ಗ ಕಟ್ಟಿ ಅದನ್ನು ಹಿಡಿದು ಎಳೆದುಕೊಂಡು ಹೋದರೆ ಗೆರೆ ನೆಟ್ಟಗಿರುತ್ತದೆ. ಜಿಪಿಎಸ್‌ನ ಮೂರ್ನಾಲ್ಕು ಮೀಟರಿನ ತಪ್ಪನ್ನೂ ಹಗ್ಗದ ಗುರುತುಗಳಿಂದ ತಿದ್ದಬಹುದು. ಅಡ್ಡಗೆರೆ ಉದ್ದಗೆರೆಯನ್ನು ದಾಟುವಲ್ಲಿ ಎರಡೂ ಬಾರಿ ಸಿಕ್ಕ ಆಳ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ದಡಕ್ಕೆ ಬರುವ ಮೊದಲೇ ಅದನ್ನು ಬಗೆಹರಿಸಿಕೊಳ್ಳಿ.

ಶಬ್ದದ ಕಿರಣ ಸೂಜಿಯಂತಲ್ಲ, ಟಾರ್ಚ್ ಬೆಳಕಿನಂತೆ ಹರಡುತ್ತದೆ. 20 ಡಿಗ್ರಿ ಅಗಲದ ಕಿರಣ 6 ಮೀಟರ್ ಆಳದಲ್ಲಿ 2 ಮೀಟರಿಗೂ ತುಸು ಹೆಚ್ಚು ಅಗಲದ ವೃತ್ತವನ್ನೂ, 100 ಮೀಟರ್ ಆಳದಲ್ಲಿ 35 ಮೀಟರ್ ಅಗಲದ ವೃತ್ತವನ್ನೂ ಒಟ್ಟಾಗಿ ಕೇಳುತ್ತದೆ. ಆದ್ದರಿಂದ ಕೆರೆಯ ಕಡಿದಾದ ಬರೆಯ ಪಕ್ಕದಲ್ಲಿ ಯಂತ್ರ ತೋರಿಸುವ ಆಳ ನಿಮ್ಮ ಕಾಲ ಕೆಳಗಿನದ್ದಲ್ಲ, ಪಕ್ಕದ ಬರೆಯದ್ದು. ಅಂಥ ಜಾಗಗಳಲ್ಲಿ ಗಳ ಇಳಿಸಿ ಅಳೆಯುವುದೇ ಸರಿ.

ಪರದೆಯ ಮೇಲೆ ತೆಳ್ಳಗೆ, ಹೊಳಪಾಗಿ, ಒಮ್ಮೊಮ್ಮೆ ಅದೇ ಆಳದ ಇಮ್ಮಡಿಯಲ್ಲಿ ಎರಡನೆಯ ಮರುದನಿಯನ್ನೂ ಕೊಟ್ಟು ಕಾಣುವ ಗೆರೆ ಗಟ್ಟಿ ತಳದ್ದು: ಮರಳು, ಜಲ್ಲಿ ಅಥವಾ ಬಂಡೆ. ಮಸುಕಾಗಿ, ದಪ್ಪಗೆ, ಅಂಚು ಹರಡಿದಂತೆ ಕಾಣುವುದು ಹೂಳು. ಆದರೆ ಇಲ್ಲೊಂದು ಮೋಸವಿದೆ, ಮತ್ತು ಕೊಡಗಿನ ಕೆರೆಗಳಲ್ಲಿ ಅದು ಪದೇ ಪದೇ ಎದುರಾಗುತ್ತದೆ. ಸಿಲ್ವರ್ ಓಕ್, ಹಲಸು, ಅತ್ತಿಯ ಎಲೆಗಳು ವರ್ಷವರ್ಷವೂ ಬಿದ್ದು ಕೊಳೆತು, ಹೂಳಿನೊಳಗೆ ಮೀಥೇನ್ ಅನಿಲದ ಗುಳ್ಳೆಗಳಾಗುತ್ತವೆ. ನೀರಿಗೂ ಅನಿಲಕ್ಕೂ ಶಬ್ದದ ಮಟ್ಟಿಗೆ ಅಜಗಜಾಂತರವಿರುವುದರಿಂದ ಗುಳ್ಳೆಗಳು ಶಬ್ದವನ್ನು ಅಲ್ಲಿಯೇ ಚದುರಿಸಿಬಿಡುತ್ತವೆ. ಅತಿ ಮೆತ್ತನೆಯ ಕೆಸರು ಪರದೆಯ ಮೇಲೆ ಬಂಡೆಯಂತೆ ಹೊಳೆಯುತ್ತದೆ, ಅದರ ಕೆಳಗೆ ಏನೂ ಕಾಣುವುದಿಲ್ಲ. ಗಳದಿಂದ ಚುಚ್ಚಿದರೆ ಗುಳುಗುಳು ಎಂದು ಗುಳ್ಳೆ ಏಳುತ್ತದೆ, ಸಂದೇಹ ಪರಿಹಾರವಾಗುತ್ತದೆ. ಭಾರತದ ಪಶ್ಚಿಮ ಕರಾವಳಿಯ ಒಳ ಖಂಡಾವರಣದಲ್ಲೂ ಇದೇ ಅನಿಲಭರಿತ ಕೆಸರು ಸೋನಾರಿನ ನೋಟವನ್ನು ಪರದೆ ಎಳೆದಂತೆ ಮುಚ್ಚುತ್ತದೆ. ಅಲ್ಲಿ ಗಳ ಇಳಿಸಲಾಗದು. ಕೋರ್ ಒಂದೇ ಗತಿ.

ಕೋರ್ ತೆಗೆಯುವ ಜಾಗ ಮತ್ತು ವಿಧಾನ

ಈಗ ನಕ್ಷೆ ಹರಡಿಕೊಂಡು ಕೂತು, ಪ್ರತಿಧ್ವನಿಯ ಪ್ರತಿಯೊಂದು ಬಗೆಗೂ ಒಂದಾದರೂ ಕೋರ್ ಬೀಳುವಂತೆ ಜಾಗ ಆರಿಸಿ: ತೋಡಿನ ಬಾಯಿಯ ದಿಬ್ಬದಲ್ಲಿ ಒಂದು, ಅತಿ ಆಳದ ಸಮತಟ್ಟಿನಲ್ಲಿ ಎರಡು, ಗಟ್ಟಿ ಎಂದು ತೋರಿದಲ್ಲಿ ಒಂದು, ಅನಿಲವೆಂಬ ಅನುಮಾನವಿರುವಲ್ಲಿ ಒಂದು. ಕಾಲಾನುಕ್ರಮ ತಿಳಿಯಬೇಕಾದವರಿಗೆ ಆಳದ ಸಮತಟ್ಟೇ ಮುಖ್ಯ, ಏಕೆಂದರೆ ಅಲ್ಲಿ ನುಣ್ಣನೆಯ ಮಣ್ಣು ಕದಡದೆ ಪದರ ಪದರವಾಗಿ ಕೂರುತ್ತದೆ. ತೋಡಿನ ಬಾಯಿಯಲ್ಲಿ ಪ್ರತಿ ಮುಂಗಾರೂ ಹಿಂದಿನದನ್ನು ಕೊಚ್ಚಿ ಹೊಸದನ್ನು ಹರಡುವುದರಿಂದ ಕಾಲದ ಲೆಕ್ಕ ನಿಲ್ಲುವುದಿಲ್ಲ.

ಹಡಗಿನಲ್ಲಿ ನೂರಾರು ಕಿಲೋ ಸೀಸದ ಭಾರ ಹೊತ್ತ ಗ್ರಾವಿಟಿ ಕೋರರನ್ನು ಉಕ್ಕಿನ ಹಗ್ಗದಿಂದ ಇಳಿಸಿ ಬಿಡುತ್ತಾರೆ. ಕೆರೆಗೆ 75 ಮಿಲಿಮೀಟರ್ ವ್ಯಾಸದ, ಎರಡು ಮೂರು ಮೀಟರ್ ಉದ್ದದ ಪಿವಿಸಿ ಪೈಪು ಸಾಕು. ಕೆಳ ಅಂಚನ್ನು ಅರದಿಂದ ಹೊರಗಡೆಗೆ ಮಾತ್ರ ಚೂಪು ಮಾಡಿ; ಒಳಗಡೆಗೆ ಇಳಿಜಾರು ಬಂದರೆ ಮಣ್ಣು ಹಿಂಡಿಹೋಗುತ್ತದೆ. ತೆಪ್ಪವನ್ನು ಮೂರು ಕಡೆಗೆ ಹಗ್ಗ ಬಿಗಿದು ಅಲುಗದಂತೆ ನಿಲ್ಲಿಸಿ, ಪೈಪನ್ನು ನೆಟ್ಟಗೆ ಹಿಡಿದು, ತಳ ಮುಟ್ಟಿದ್ದು ಕೈಗೆ ತಿಳಿಯುವವರೆಗೆ ಮೆಲ್ಲನೆ ಇಳಿಸಿ. ಮೇಲಿನ ಒಂದೆರಡು ಸೆಂಟಿಮೀಟರ್ ಮಜ್ಜಿಗೆಯಷ್ಟು ತೆಳುವಾದ ಕೆಸರು. ವೇಗವಾಗಿ ಬಿಟ್ಟರೆ ಪೈಪಿನ ಮುಂದೆ ನುಗ್ಗುವ ನೀರೇ ಅದನ್ನು ಊದಿಹಾಕುತ್ತದೆ. ಆಮೇಲೆ ತಿರುಗಿಸದೆ, ಒಂದೇ ಸಮನೆ ಒತ್ತಿ. ಇನ್ನು ಹೋಗದಾದಾಗ ಮೇಲ್ತುದಿಯವರೆಗೂ ನೀರು ತುಂಬಿಸಿ ರಬ್ಬರ್ ಬಿರಡೆಯನ್ನು ಬಿಗಿಯಾಗಿ ಹಾಕಿ. ಬೆರಳಿನಿಂದ ಮೇಲ್ಬಾಯಿ ಮುಚ್ಚಿದ ಸ್ಟ್ರಾ ನೀರನ್ನು ಹಿಡಿದಿಡುವಂತೆ ಇಲ್ಲಿ ಮಣ್ಣನ್ನು ಹಿಡಿದಿಡುವುದು ಆ ಬಿರಡೆಯೇ. ಒಮ್ಮೆ ನಮ್ಮ ಹುಡುಗನೊಬ್ಬ, ಪೈಪು ನೀರಿನಿಂದ ಹೊರಬರುವ ಮೊದಲೇ ಒಳಗೇನಿದೆಯೆಂದು ನೋಡಲು ಬಿರಡೆಯನ್ನು ತುಸು ಎತ್ತಿದ. ಅರ್ಧ ದಿನದ ಕೆಲಸ ಒಂದೇ ಕ್ಷಣದಲ್ಲಿ ನೀರಿಗೆ ಜಾರಿ ಹೋಯಿತು. ಪೈಪಿನ ಕೆಳತುದಿ ನೀರಿನ ಮೇಲ್ಮೈಗೆ ಬರುವ ಮೊದಲು, ನೀರಿನೊಳಗೇ ಕೈ ಹಾಕಿ ಕೆಳಗೂ ಬಿರಡೆ ಹಾಕಬೇಕು.

ಪೈಪು ತಳದೊಳಗೆ ಎಷ್ಟು ಹೊಕ್ಕಿತು ಎಂಬುದನ್ನು ಹೊರಗಿನಿಂದ, ಮಣ್ಣು ಪೈಪಿನೊಳಗೆ ಎಷ್ಟು ಏರಿದೆ ಎಂಬುದನ್ನು ಒಳಗಿನಿಂದ, ಎತ್ತುವ ಮೊದಲೇ ಅಳೆಯಿರಿ. 120 ಸೆಂಟಿಮೀಟರ್ ಹೊಕ್ಕು 96 ಸೆಂಟಿಮೀಟರ್ ಮಾತ್ರ ಮಣ್ಣು ಸಿಕ್ಕಿದ್ದರೆ ಕೋರ್ ಶೇಕಡ 20ರಷ್ಟು ಕುಗ್ಗಿದೆ ಎಂದರ್ಥ. ಈ ಕುಗ್ಗುವಿಕೆ ಎಲ್ಲ ಪದರಗಳಲ್ಲೂ ಸಮನಾಗಿರುವುದಿಲ್ಲ. ಮೆತ್ತನೆಯದು ಹೆಚ್ಚು, ಮರಳು ಕಡಿಮೆ. ಈ ಒಂದು ಅಂಕಿ ಬರೆದಿರದ ಕೋರನ್ನು ಸೋನಾರಿನೊಂದಿಗೆ ಹೋಲಿಸುವ ಹಾಗೇ ಇಲ್ಲ. ದಡಕ್ಕೆ ತಂದ ಮೇಲೂ ಪೈಪು ನಿಂತೇ ಇರಲಿ. ಮೇಲ್ಮುಖದ ಬಾಣ, ಜಾಗದ ಸಂಖ್ಯೆ, ದಿನಾಂಕ ಇಷ್ಟನ್ನು ಅಳಿಸದ ಮಸಿಯಿಂದ ಪೈಪಿನ ಮೇಲೆಯೇ ಬರೆಯಿರಿ. ಚೀಟಿ ಅಂಟಿಸಿದರೆ ತೇವಕ್ಕೆ ಬಿದ್ದುಹೋಗುತ್ತದೆ.

ಸೀಳಿ ನೋಡುವುದು

ಒಂದು ದಿನ ನಿಲ್ಲಿಸಿಟ್ಟು, ಮೇಲಿನ ನೀರನ್ನು ಸಣ್ಣ ನಳಿಗೆಯಿಂದ ಬಸಿದು, ಪೈಪನ್ನು ಎರಡೂ ಪಕ್ಕದಲ್ಲಿ ಉದ್ದಕ್ಕೆ ಕತ್ತರಿಸಿ, ಬಿಗಿಯಾಗಿ ಹಿಡಿದ ಮೀನಿನ ಗಾಳದ ದಾರದಿಂದ ಮಣ್ಣನ್ನು ಸೀಳಿ. ಮೊದಲ ಹತ್ತು ನಿಮಿಷ ಬಹಳ ಮುಖ್ಯ, ಏಕೆಂದರೆ ಗಾಳಿ ತಾಗಿದೊಡನೆ ಬಣ್ಣ ಬದಲಾಗತೊಡಗುತ್ತದೆ. ಟೇಪು ಇಟ್ಟು, ನೆರಳಿನಲ್ಲಿ ಚಿತ್ರ ತೆಗೆಯಿರಿ.

ಭತ್ತದ ಗದ್ದೆಯನ್ನು ಅಗೆದು ಮಾಡಿದ ಒಂದು ಕೆರೆಯಲ್ಲಿ ನಾವು ತೆಗೆದ ಕೋರ್ ಹೀಗಿತ್ತು. ಮೇಲೆ ಬೆರಳಗಲದ ಕಂದು ಕೆಸರು, ಅಂದರೆ ಆಮ್ಲಜನಕ ತಾಗುವ ಪದರ. ಅದರ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆಯ ಒಂದು ಗೇಣು. ಅದರೊಳಗೆ ನರಗಳಷ್ಟೇ ಉಳಿದ ಎಲೆಗಳು, ಕಾಫಿ ಹಣ್ಣಿನ ಸಿಪ್ಪೆಯ ಚೂರುಗಳು. ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರು, ಹಿಂದೆ ಈ ಕೆರೆಗೇ ಹರಿಯುತ್ತಿತ್ತು ಎಂಬುದನ್ನು ತೋಟದ ಹಿರಿಯರು ಆಮೇಲೆ ಒಪ್ಪಿಕೊಂಡರು. ನಡುವೆ ಎರಡು ಬೆರಳಗಲದ ಕೆಂಪು ಪಟ್ಟಿ, ಮುಟ್ಟಿದರೆ ತರಿತರಿ, ಬಿಸಿಲಿಗೆ ಹಿಡಿದರೆ ಕಾಗೆಬಂಗಾರದ ಮಿನುಗು. ಕೊನೆಯಲ್ಲಿ ಬೂದುಬಣ್ಣದ, ಅಂಟಾದ, ತುಕ್ಕುಬಣ್ಣದ ಬೇರಿನ ಗೆರೆಗಳಿದ್ದ ಮಣ್ಣು: ಹಳೆಯ ಗದ್ದೆ. ಹೂಳು ಎಲ್ಲಿ ಮುಗಿಯಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಕೆಂಪು ಪಟ್ಟಿ ಕಂಡೊಡನೆ 2018ರ ಆಗಸ್ಟ್ ತಿಂಗಳ ಭೂಕುಸಿತ ಎಂದು ಬರೆದುಬಿಡುವ ಆಸೆಯಾಗುತ್ತದೆ. ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದ ಆ ವರ್ಷದ ಮಣ್ಣು ಹಾರಂಗಿಯ ಜಲಾನಯನದಲ್ಲಿ ಗುರುತು ಬಿಟ್ಟಿರುವುದು ಸಹಜವೇ. ಆದರೂ ಮೇಲ್ಭಾಗದಲ್ಲಿ ರಸ್ತೆ ಅಗಲಿಸಿದ್ದರೂ, ಹೊಸದಾಗಿ ಗಿಡ ನೆಡಲು ಬರೆ ಕಡಿದಿದ್ದರೂ ಇಂಥದ್ದೇ ಪಟ್ಟಿ ಬೀಳುತ್ತದೆ. ಇಲ್ಲಿ ಕೊಡಗಿನವರಿಗೆ ಇರುವ ಅನುಕೂಲ ಬೇರೆಯವರಿಗೆ ಅಪರೂಪ: ಹಳೆಯ ತೋಟಗಳಲ್ಲಿ ಪ್ರತಿ ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಪುಸ್ತಕಗಳಿವೆ. ಪಟ್ಟಿಗಳ ಕ್ರಮವನ್ನು ಆ ಪುಸ್ತಕದ ದೊಡ್ಡ ಮಳೆಗಳೊಂದಿಗೆ ಹೋಲಿಸಿ, ತೋಟದಲ್ಲಿ ಯಾವಾಗ ಏನು ಅಗೆದರು ಎಂದು ಕೇಳಿ, ಆಮೇಲೆಯೇ ವರ್ಷ ಬರೆಯಿರಿ. ಹಣವಿದ್ದರೆ ಪ್ರಯೋಗಾಲಯದಲ್ಲಿ ಸೀಸ-210 ಮತ್ತು ಸೀಸಿಯಂ-137 ಎಂಬ ವಿಕಿರಣಶೀಲ ಧಾತುಗಳನ್ನು ಅಳೆಸಬಹುದು. ಮೊದಲನೆಯದರ ಅರ್ಧಾಯುಷ್ಯ (ಅದರ ಪ್ರಮಾಣ ಅರ್ಧಕ್ಕೆ ಇಳಿಯುವ ಕಾಲ) ಸುಮಾರು 22 ವರ್ಷವಾದ್ದರಿಂದ ಕಳೆದ ನೂರು ವರ್ಷದ ಲೆಕ್ಕಕ್ಕೆ ಅದು ಒದಗುತ್ತದೆ; ಎರಡನೆಯದು ಅಣ್ವಸ್ತ್ರ ಪರೀಕ್ಷೆಗಳ ಕಾಲದ ಗುರುತಾಗಿ 1963ರ ಸುಮಾರಿಗೆ ಶಿಖರ ಮುಟ್ಟುತ್ತದೆ. ಕಡಲಿನ ಹಳೆಯ ಪದರಗಳಿಗಾದರೆ ಚಿಪ್ಪುಗಳ ಇಂಗಾಲ-14 ಬೇಕು.

ಜರಡಿ, ತಕ್ಕಡಿ, ಒಲೆ

ಹದಿನೈದು ಇಪ್ಪತ್ತು ಸೆಂಟಿಮೀಟರಿಗೊಂದು, ಜೊತೆಗೆ ಪ್ರತಿ ಹೊಸ ಪದರಕ್ಕೊಂದು ಮಾದರಿ ತೆಗೆದು, ಹಸಿ ತೂಕ ನೋಡಿ, 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ ಮತ್ತೆ ತೂಗಿ. ಒಣಗಿದ್ದರಲ್ಲಿ ಸ್ವಲ್ಪವನ್ನು 550 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟರೆ ಕಡಿಮೆಯಾದ ತೂಕ ಸಾವಯವ ಅಂಶದ ಅಂದಾಜು ಕೊಡುತ್ತದೆ. ಜೇಡಿ ಖನಿಜಗಳು ತಮ್ಮೊಳಗಿನ ನೀರನ್ನೂ ಈ ಬಿಸಿಗೆ ಬಿಟ್ಟುಕೊಡುವುದರಿಂದ ಕೆಂಪು ಮಣ್ಣಿನಲ್ಲಿ ಈ ಅಂಕಿ ತುಸು ಹೆಚ್ಚೇ ಬರುತ್ತದೆ.

ಕಣದ ಗಾತ್ರಕ್ಕೆ ಬೇರೆ ಭಾಗವನ್ನು, ಒಣಗಿಸದೆ, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಸಾವಯವ ಕಳೆದು, ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಬೆರೆಸಿ ಬಿಡಿಸಿ. ಕಡಲ ಮಣ್ಣಾದರೆ ಅದಕ್ಕೂ ಮೊದಲು ಉಪ್ಪನ್ನು ತೊಳೆಯಬೇಕು, ಇಲ್ಲವಾದರೆ ಜೇಡಿ ಗುಂಪುಗಟ್ಟಿ ಮರಳಿನಂತೆ ವರ್ತಿಸುತ್ತದೆ. ಕಡಲ ಅಧ್ಯಯನದಲ್ಲಿ ಮರಳಿಗೂ ಅದಕ್ಕಿಂತ ನುಣ್ಣನೆಯ ಹೂಳಿಗೂ (ಸಿಲ್ಟ್) ಗಡಿ 63 ಮೈಕ್ರಾನ್; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇಂಜಿನಿಯರಿಂಗ್ ಕಾಲೇಜಿನ ಮಣ್ಣು ಪ್ರಯೋಗಾಲಯದಲ್ಲಿ ಸಿಗುವುದು 75 ಮೈಕ್ರಾನ್ ಜರಡಿ. ಯಾವುದನ್ನು ಬಳಸಿದಿರೆಂದು ಬರೆಯದಿದ್ದರೆ ನಿಮ್ಮ ಅಂಕಿಗಳನ್ನು ಇನ್ನೊಬ್ಬರ ಅಂಕಿಗಳೊಂದಿಗೆ ಹೋಲಿಸಲಾಗದು. ಜರಡಿ ದಾಟಿದ್ದನ್ನು ಉದ್ದನೆಯ ಅಳತೆ ಜಾಡಿಯಲ್ಲಿ ಕದಡಿ ನಿಲ್ಲಿಸಿ: 20 ಡಿಗ್ರಿಯ ನೀರಿನಲ್ಲಿ 4 ಮೈಕ್ರಾನ್ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು ಎರಡು ಗಂಟೆ ಬೇಕು. ಅಷ್ಟು ಹೊತ್ತಿನ ನಂತರ ಅದೇ ಆಳದಿಂದ ಪಿಪೆಟ್ಟಿನಲ್ಲಿ ಎಳೆದದ್ದರಲ್ಲಿ ಜೇಡಿ ಮಾತ್ರ ಉಳಿದಿರುತ್ತದೆ. ಈ ಲೆಕ್ಕ ಕಣವನ್ನು ಗುಂಡಗೆ ಎಂದು ಭಾವಿಸಿದ್ದು. ಕಾಗೆಬಂಗಾರದ ತೆಳು ಹಾಳೆಗಳು ಎಲೆಯಂತೆ ತೇಲುತ್ತ ನಿಧಾನವಾಗಿ ಇಳಿಯುವುದರಿಂದ ನಮ್ಮ ಮಣ್ಣು ಇರುವುದಕ್ಕಿಂತ ನುಣ್ಣಗೆ ಎಂಬಂತೆ ತೋರುತ್ತದೆ.

ಪಶ್ಚಿಮ ಖಂಡಾವರಣದಲ್ಲಿ ಈ ಜರಡಿಯ ಕೆಲಸವೇ ಒಂದು ದೊಡ್ಡ ಕಥೆಯನ್ನು ಬಿಚ್ಚುತ್ತದೆ. ದಡದಿಂದ ಸುಮಾರು 50, 60 ಮೀಟರ್ ಆಳದವರೆಗೆ ಇಂದಿನ ಹೊಳೆಗಳು ತಂದ ನುಣ್ಣನೆಯ ಕೆಸರು. ಅದರಾಚೆ, ದಡದಿಂದ ದೂರ ಹೋದಷ್ಟೂ ಇನ್ನೂ ನುಣ್ಣಗಾಗಬೇಕಾದಲ್ಲಿ, ಚಿಪ್ಪಿನ ಚೂರುಗಳಿಂದ ಕೂಡಿದ ದಪ್ಪ ಮರಳು. ಸುಮಾರು 20,000 ವರ್ಷಗಳ ಹಿಂದೆ ಕಳೆದ ಹಿಮಯುಗದ ಉತ್ತುಂಗದಲ್ಲಿ ಕಡಲ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿದ್ದಾಗ, ಮತ್ತು ಅದು ಏರತೊಡಗಿದಾಗ, ದಡದ ಬಳಿ ಬಿದ್ದ ಮರಳದು. ಇಂದಿನ ಕೆಸರು ಇನ್ನೂ ಅಲ್ಲಿಗೆ ತಲುಪಿ ಅದನ್ನು ಮುಚ್ಚಿಲ್ಲ. ಸೋನಾರ್ ಅಲ್ಲಿ ಗಟ್ಟಿ ತಳ ಎಂದಷ್ಟೇ ಹೇಳುತ್ತದೆ, ಹಳೆಯ ಕಡಲತೀರ ಎಂದು ಹೇಳುವುದು ಕೋರ್.

ಎರಡನ್ನೂ ಒಂದೇ ಹಾಳೆಗೆ ತರುವುದು

ಪ್ರತಿ ಕೋರಿನ ಚಿತ್ರವನ್ನು, ಕುಗ್ಗಿದ್ದನ್ನು ತಿದ್ದಿ, ಅದೇ ಜಾಗದ ಸೋನಾರ್ ಚಿತ್ರದ ಪಕ್ಕದಲ್ಲಿ ಒಂದೇ ಅಳತೆಗೋಲಿನಲ್ಲಿ ಬಿಡಿಸಿ. 50 ಕಿಲೋಹರ್ಟ್ಸ್‌ನ ಕೆಳಗೆರೆ ಹಳೆಯ ಗದ್ದೆಯ ಮಣ್ಣಿನ ಮೇಲ್ಮೈಗೆ ಸರಿಯಾಗಿ ಕೂತರೆ, ಕೋರ್ ಇಲ್ಲದ ಜಾಗಗಳಲ್ಲೂ ಆ ಗೆರೆಯನ್ನೇ ಹೂಳಿನ ತಳವೆಂದು ನಂಬಬಹುದು. ಅದು ನಡುವಿನ ಕೆಂಪು ಮರಳು ಪಟ್ಟಿಯ ಮೇಲೆ ಕೂತಿದ್ದರೆ ಸೋನಾರ್ ಹೂಳನ್ನು ಕಡಿಮೆ ತೋರಿಸಿದೆ, ನಕ್ಷೆಯನ್ನು ತಿದ್ದಬೇಕು.

ಆಮೇಲೆ ಗಾತ್ರದ ಲೆಕ್ಕ. ಒಂದು ಎಕರೆ ಎಂದರೆ ಸುಮಾರು 4047 ಚದರ ಮೀಟರ್. ಸರಾಸರಿ ಅರ್ಧ ಮೀಟರ್ ಹೂಳಿದ್ದರೆ ಎಕರೆಗೆ 2000 ಘನ ಮೀಟರಿಗೂ ತುಸು ಹೆಚ್ಚು. ಆದರೆ ಹಸಿ ತೂಕದಲ್ಲಿ ಶೇಕಡ 60ರಷ್ಟು ನೀರೇ ಇರುವ ಒಂದು ಘನ ಮೀಟರ್ ಕೆಸರಿನಲ್ಲಿ ಒಣ ಮಣ್ಣು ಸುಮಾರು 530 ಕಿಲೋ ಮಾತ್ರ. ಟಿಪ್ಪರ್ ಲೆಕ್ಕದಲ್ಲಿ ಹಣ ಕೊಡುವವರು, ಕೆರೆ ಒಣಗಿದ ಮೇಲೆ ಇದೇ ಹೂಳು ಎಷ್ಟು ಕುಗ್ಗುತ್ತದೆಯೆಂಬುದನ್ನು ಈ ಅಂಕಿಯಿಂದ ಮೊದಲೇ ಅಂದಾಜು ಮಾಡಿಕೊಂಡು ದರ ಮಾತಾಡಬೇಕು.

ಸೀಳಿದ ಕೋರಿನ ಅರ್ಧವನ್ನು ಮಾತ್ರ ಮಾದರಿಗೆ ಬಳಸಿ, ಉಳಿದರ್ಧವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ ಫ್ರಿಜ್ಜಿನ ತಣ್ಣನೆಯಲ್ಲಿ ಇಡಿ. ಎರಡು ಮೂರು ಮಳೆಗಾಲಗಳ ನಂತರ ಅವೇ ಗೆರೆಗಳ ಮೇಲೆ, ಅದೇ ಕೋಡಿಯ ಕಲ್ಲಿನಿಂದ ಮತ್ತೆ ಅಳೆಯುವಾಗ, ಹೊಸ ಕೋರಿನ ಪಕ್ಕದಲ್ಲಿಟ್ಟು ನೋಡಲು ಅದು ಬೇಕಾಗುತ್ತದೆ.